ಸೌಂದರ್ಯವರ್ಧಕ ವಸ್ತುಗಳನ್ನು ಅಂಚೆಯ ಮೂಲಕ ಕಳುಹಿಸುವುದು: ನಿರ್ಬಂಧಗಳು ಮತ್ತು ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಗಂಧದ ಸಾಬೂನು, ತಲೆಗೆ ಹಚ್ಚುವ ಎಣ್ಣೆ, ಸೀಗೆಪುಡಿ, ಕಾಡಿಗೆ, ಕುಂಕುಮ, ಮೆಹೆಂದಿ, ಸುಗಂಧದ್ರವ್ಯ ಮೊದಲಾದ ವಸ್ತುಗಳನ್ನು ಹೊರ ಊರುಗಳಲ್ಲಿ ಮತ್ತು ಹೊರದೇಶಗಳಲ್ಲಿ ನೆಲೆಸಿರುವ ಬಂಧುಗಳಿಗೆ ಕಳುಹಿಸುವುದು ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ಮಹಿಳಾ ಸ್ವಸಹಾಯ ಗುಂಪುಗಳು ಮತ್ತು ಸಣ್ಣ ಉದ್ದಿಮೆದಾರರು ಸಹ ತಾವು ತಯಾರಿಸಿದ ಸಾಬೂನು, ಲೇಪನ ಮತ್ತು ಎಣ್ಣೆಗಳನ್ನು ದೂರದ ಗ್ರಾಹಕರಿಗೆ ನೇರವಾಗಿ ಕಳುಹಿಸತೊಡಗಿದ್ದಾರೆ. ಹೀಗೆ ಕಳುಹಿಸಲು ತಂದ ಪಾರ್ಸೆಲ್‌ಗಳಲ್ಲಿ ಕೆಲವು ಕೌಂಟರಿನಲ್ಲಿಯೇ ತಿರಸ್ಕೃತವಾಗುತ್ತವೆ. ಕೆಲವು ವಿಮಾನ ನಿಲ್ದಾಣದ ತಪಾಸಣೆಯಲ್ಲಿ ತಡೆಹಿಡಿಯಲ್ಪಡುತ್ತವೆ. ಇನ್ನು ಕೆಲವು ತಲುಪಬೇಕಾದ ದೇಶದ ಸುಂಕ ಕಚೇರಿಯಲ್ಲಿ ಉಳಿದುಬಿಡುತ್ತವೆ.

ಒಂದೇ ಅಂಗಡಿಯಲ್ಲಿ ಪಕ್ಕಪಕ್ಕದಲ್ಲಿ ಇಟ್ಟು ಮಾರುವ ಎರಡು ವಸ್ತುಗಳಲ್ಲಿ ಒಂದಕ್ಕೆ ಅವಕಾಶ ನೀಡಿ ಇನ್ನೊಂದನ್ನು ನಿರಾಕರಿಸುವುದು ಏಕೆ ಎಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ನಿರ್ಬಂಧವು "ಸೌಂದರ್ಯವರ್ಧಕ" ಎಂಬ ಹೆಸರಿಗೆ ಸಂಬಂಧಿಸಿದ್ದಲ್ಲ. ಆ ವಸ್ತುವಿನಲ್ಲಿ ಏನೇನು ಸೇರಿದೆ, ವಿಮಾನದೊಳಗೆ ಅದು ಹೇಗೆ ವರ್ತಿಸುತ್ತದೆ ಎಂಬುದಕ್ಕೆ ಸಂಬಂಧಿಸಿದ್ದಾಗಿದೆ. ಈ ಒಂದು ಅಂಶವನ್ನು ಮನದಟ್ಟು ಮಾಡಿಕೊಂಡಲ್ಲಿ ಉಳಿದ ನಿಯಮಗಳು ತಾವಾಗಿಯೇ ಅರ್ಥವಾಗುತ್ತವೆ.

ಪಾರ್ಸೆಲ್ ಸಿದ್ಧಪಡಿಸುವ ಮುನ್ನ ಕಳುಹಿಸುವವರು ಈ ಕೆಳಕಂಡ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳತಕ್ಕದ್ದು.

(ಅ) ಈ ವಸ್ತು ಸಾಗಣೆಯ ಸಮಯದಲ್ಲಿ ಅಪಾಯಕಾರಿಯೇ?
(ಆ) ತಲುಪಬೇಕಾದ ದೇಶದ ಕಾನೂನು ಇದಕ್ಕೆ ಅವಕಾಶ ನೀಡುತ್ತದೆಯೇ?
(ಇ) ಇದು ಸ್ವಂತ ಬಳಕೆಯ ವಸ್ತುವೇ ಅಥವಾ ಮಾರಾಟದ ಸರಕೇ?

2. ಸೌಂದರ್ಯವರ್ಧಕ ಎಂದರೆ ಯಾವುದು?

1940ರ ಔಷಧ ಮತ್ತು ಸೌಂದರ್ಯವರ್ಧಕ ಅಧಿನಿಯಮದ ಪ್ರಕಾರ, ಮನುಷ್ಯನ ದೇಹವನ್ನು ಶುಚಿಗೊಳಿಸಲು, ಅಂದಗೊಳಿಸಲು, ಆಕರ್ಷಣೆಯನ್ನು ಹೆಚ್ಚಿಸಲು ಅಥವಾ ರೂಪವನ್ನು ಬದಲಿಸಲು ದೇಹಕ್ಕೆ ಉಜ್ಜುವ, ಸುರಿಯುವ, ಸಿಂಪಡಿಸುವ ಅಥವಾ ಬೇರಾವುದೇ ರೀತಿಯಲ್ಲಿ ಲೇಪಿಸುವ ವಸ್ತುವು ಸೌಂದರ್ಯವರ್ಧಕವಾಗಿದೆ. ಈ ಅಧಿನಿಯಮದ ಅಡಿಯಲ್ಲಿ 2020ರ ಡಿಸೆಂಬರ್ ತಿಂಗಳಲ್ಲಿ ಸೌಂದರ್ಯವರ್ಧಕಗಳಿಗೆ ಪ್ರತ್ಯೇಕ ನಿಯಮಾವಳಿಯನ್ನು ಹೊರಡಿಸಲಾಗಿದ್ದು, ತಯಾರಿಕೆ, ಆಮದು ಮತ್ತು ಲೇಬಲ್ ಕುರಿತ ಷರತ್ತುಗಳು ಅದರಲ್ಲಿವೆ.

ಸಾಗಣೆಯ ನಿಯಮಗಳು ಈ ವ್ಯಾಖ್ಯೆಯನ್ನು ಅನುಸರಿಸುವುದಿಲ್ಲ ಎಂಬುದನ್ನು ಗಮನಿಸತಕ್ಕದ್ದು. ಉಗುರು ಬಣ್ಣವು ಕಾನೂನಿನ ದೃಷ್ಟಿಯಲ್ಲಿ ಸೌಂದರ್ಯವರ್ಧಕ. ವಿಮಾನ ಸಾಗಣೆಯ ದೃಷ್ಟಿಯಲ್ಲಿ ಅದು ಮನೆಗೆ ಹೊಡೆಯುವ ಪೇಂಟಿನಂತೆ ಬೇಗನೆ ಹೊತ್ತಿಕೊಳ್ಳುವ ದ್ರವ.

3. ಬೇಗನೆ ಹೊತ್ತಿಕೊಳ್ಳುವ ದ್ರವಗಳು

ದ್ರವ ವಸ್ತುವಿನಿಂದ ಆವಿ ಏಳುತ್ತಿರುತ್ತದೆ. ಕಿಡಿ ತಗುಲಿದಾಗ ಆ ಆವಿಯು ಹೊತ್ತಿಕೊಳ್ಳುವ ಅತ್ಯಂತ ಕಡಿಮೆ ಉಷ್ಣತೆಯನ್ನು ಜ್ವಲನ ಬಿಂದು ಎನ್ನುತ್ತಾರೆ. ಅಂತರರಾಷ್ಟ್ರೀಯ ವಿಮಾನ ಸಾಗಣೆ ನಿಯಮಗಳ ಪ್ರಕಾರ, ಮುಚ್ಚಿದ ಪಾತ್ರೆಯಲ್ಲಿ ಪರೀಕ್ಷಿಸಿದಾಗ ಜ್ವಲನ ಬಿಂದು 60 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಇರುವ ದ್ರವಗಳನ್ನು ಮೂರನೆಯ ವರ್ಗದ ಅಪಾಯಕಾರಿ ಸರಕುಗಳೆಂದು ಪರಿಗಣಿಸಲಾಗುತ್ತದೆ.

ನಿತ್ಯ ಬಳಕೆಯ ಕೆಲವು ವಸ್ತುಗಳನ್ನು ಈ ಅಳತೆಯಿಂದ ನೋಡಬಹುದು. ಉಗುರು ಬಣ್ಣ ತೆಗೆಯಲು ಬಳಸುವ ಅಸಿಟೋನ್ ದ್ರವದ ಜ್ವಲನ ಬಿಂದು ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿದೆ. ಸೆಂಟು ಮತ್ತು ಕಲೋನ್‌ಗಳಲ್ಲಿ ಬಳಸುವ ಮದ್ಯಸಾರದ ಜ್ವಲನ ಬಿಂದು ಸುಮಾರು 13 ಡಿಗ್ರಿ. ಇದರರ್ಥ, ಬೆಂಗಳೂರಿನ ಸಾಧಾರಣ ಹಗಲಿನ ಉಷ್ಣತೆಯಲ್ಲಿಯೇ ಇವುಗಳ ಆವಿ ಒಂದು ಕಿಡಿಗೆ ಹೊತ್ತಿಕೊಳ್ಳಬಲ್ಲದು. ಇದಕ್ಕೆ ವ್ಯತಿರಿಕ್ತವಾಗಿ ಕೊಬ್ಬರಿ ಎಣ್ಣೆಯ ಜ್ವಲನ ಬಿಂದು 200 ಡಿಗ್ರಿಗೂ ಮೇಲಿದೆ. ಆದ್ದರಿಂದ ಅದು ಈ ವರ್ಗಕ್ಕೆ ಸೇರುವುದಿಲ್ಲ.

ಎಣ್ಣೆ ಎಂದ ಮಾತ್ರಕ್ಕೆ ಎಲ್ಲವೂ ಕೊಬ್ಬರಿ ಎಣ್ಣೆಯಂತಲ್ಲ. ನೀಲಗಿರಿ ತೈಲದ ಜ್ವಲನ ಬಿಂದು ಸುಮಾರು 50 ಡಿಗ್ರಿಯ ಆಸುಪಾಸಿನಲ್ಲಿದೆ. ಕಿತ್ತಳೆ ಮತ್ತು ನಿಂಬೆ ಸಿಪ್ಪೆಯ ತೈಲಗಳೂ ಹೀಗೆಯೇ 60 ಡಿಗ್ರಿಯ ಮಿತಿಗಿಂತ ಕೆಳಗಿವೆ. ಶುದ್ಧ ಶ್ರೀಗಂಧದ ಎಣ್ಣೆಯ ಜ್ವಲನ ಬಿಂದು ಈ ಮಿತಿಗಿಂತ ಬಹಳ ಮೇಲಿದೆ. ಒಂದೇ ಅಳತೆಯ ಮೂರು ಶೀಶೆಗಳಲ್ಲಿ ಒಂದು ಹೋಗಬಹುದು, ಇನ್ನೊಂದು ಹೋಗಲಾರದು ಎಂಬುದಕ್ಕೆ ಕಾರಣ ಇದೇ ಆಗಿದೆ.

4. ಒತ್ತಡದ ಡಬ್ಬಿಗಳು

ಡಿಯೋಡರೆಂಟ್ ಸ್ಪ್ರೇ, ಹೇರ್ ಸ್ಪ್ರೇ, ಶೇವಿಂಗ್ ಫೋಮ್, ಡ್ರೈ ಶಾಂಪೂ ಮೊದಲಾದವುಗಳನ್ನು ಏರೋಸಾಲ್ ಡಬ್ಬಿಗಳಲ್ಲಿ ತುಂಬಲಾಗುತ್ತದೆ. ಒಳಗಿನ ದ್ರವವನ್ನು ಹೊರದೂಡಲು ಬ್ಯೂಟೇನ್, ಪ್ರೊಪೇನ್ ಮುಂತಾದ ಅನಿಲಗಳನ್ನು ಒತ್ತಡದಲ್ಲಿ ಸೇರಿಸಿರುತ್ತಾರೆ. ಇವು ಅಡುಗೆ ಅನಿಲದ ಸಿಲಿಂಡರಿನಲ್ಲಿರುವ ಅನಿಲಗಳೇ ಆಗಿವೆ. ಡಬ್ಬಿ ಬಿಸಿಯಾದಲ್ಲಿ ಒತ್ತಡ ಏರಿ ಅದು ಸಿಡಿಯುವ ಸಂಭವವಿರುತ್ತದೆ.

ಅಮೆರಿಕದ ಫೆಡರಲ್ ವಿಮಾನಯಾನ ಆಡಳಿತವು ಈ ಬಗ್ಗೆ ಪರೀಕ್ಷೆಗಳನ್ನು ನಡೆಸಿ 2017ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಬಟ್ಟೆಬರೆ ತುಂಬಿದ ಪೆಟ್ಟಿಗೆಯಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯನ್ನು ಅತಿಯಾಗಿ ಬಿಸಿಯಾಗುವಂತೆ ಮಾಡಿ, ಅದರ ಜೊತೆಯಲ್ಲಿ 8 ಔನ್ಸಿನ ಒಂದು ಡ್ರೈ ಶಾಂಪೂ ಡಬ್ಬಿಯನ್ನು ಇಡಲಾಗಿತ್ತು. ಬೆಂಕಿ ಹತ್ತಿಕೊಂಡು, 40 ಸೆಕೆಂಡುಗಳೊಳಗೆ ಡಬ್ಬಿ ಸ್ಫೋಟಿಸಿತು. ವಿಮಾನದ ಸರಕು ಕೋಣೆಯಲ್ಲಿರುವ ಅಗ್ನಿಶಾಮಕ ಅನಿಲವು ಬೆಂಕಿಯನ್ನು ಹತೋಟಿಗೆ ತರುವ ಮೊದಲೇ ಇಂತಹ ಸ್ಫೋಟ ಸಂಭವಿಸಬಹುದು ಎಂಬುದು ಆ ಪರೀಕ್ಷೆಗಳಿಂದ ತಿಳಿದುಬಂದಿತು. ಸ್ನಾನಗೃಹದಲ್ಲಿ ನಿರುಪದ್ರವಿಯಾಗಿ ತೋರುವ ಡಬ್ಬಿಯನ್ನು ಅಂಚೆಯಲ್ಲಿ ಸ್ವೀಕರಿಸದಿರಲು ಕಾರಣವನ್ನು ಇದರಿಂದ ತಿಳಿಯಬಹುದು.

5. ಆಕ್ಸಿಡೀಕಾರಕಗಳು ಮತ್ತು ಬ್ಯಾಟರಿಗಳು

ತಲೆಗೂದಲಿನ ಬಣ್ಣದೊಂದಿಗೆ ಬರುವ ಡೆವಲಪರ್ ದ್ರವದಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಇರುತ್ತದೆ. ಇದರ ಪ್ರಮಾಣ ಶೇಕಡ 8 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಅದು ಅಪಾಯಕಾರಿ ಸರಕಿನ ಪಟ್ಟಿಗೆ ಸೇರುತ್ತದೆ. ಮಾರುಕಟ್ಟೆಯಲ್ಲಿ "20 ವಾಲ್ಯೂಮ್" ಎಂದು ಮಾರುವುದರಲ್ಲಿ ಶೇಕಡ 6, "30 ವಾಲ್ಯೂಮ್" ಎಂಬುದರಲ್ಲಿ ಶೇಕಡ 9 ಮತ್ತು "40 ವಾಲ್ಯೂಮ್" ಎಂಬುದರಲ್ಲಿ ಶೇಕಡ 12ರಷ್ಟು ಪೆರಾಕ್ಸೈಡ್ ಇರುತ್ತದೆ. ಕೂದಲನ್ನು ಬಿಳಿಚಿಸುವ ಬ್ಲೀಚ್ ಪುಡಿಗಳಲ್ಲಿ ಪರ್‌ಸಲ್ಫೇಟ್ ಲವಣಗಳಿರುವುದರಿಂದ, ಪುಡಿಯಾಗಿದ್ದರೂ ಅವು ಬೆಂಕಿಗೆ ಪುಷ್ಟಿ ನೀಡುವ ವಸ್ತುಗಳಾಗಿವೆ.

ಟ್ರಿಮ್ಮರ್, ಚಾರ್ಜ್ ಮಾಡಬಹುದಾದ ಹೇರ್ ಸ್ಟ್ರೈಟ್ನರ್ ಮುಂತಾದ ಉಪಕರಣಗಳನ್ನು ಸೌಂದರ್ಯವರ್ಧಕಗಳ ಜೊತೆಯಲ್ಲಿ ಒಂದೇ ಪೆಟ್ಟಿಗೆಗೆ ಹಾಕುವುದು ಕಂಡುಬರುತ್ತದೆ. ಇವುಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ವಿಮಾನ ಅಂಚೆಯಲ್ಲಿ ಕಳುಹಿಸಲು ಅವಕಾಶವಿಲ್ಲ. ಬ್ಯಾಟರಿ ಅಳವಡಿಸಿದ ಉಪಕರಣವಿದ್ದಲ್ಲಿ ಬುಕಿಂಗ್ ಕೌಂಟರಿನಲ್ಲಿ ಮುಂಚಿತವಾಗಿ ತಿಳಿಸಿ ವಿಚಾರಿಸತಕ್ಕದ್ದು.

6. ಪ್ರಯಾಣಿಕರಿಗಿರುವ ಸೌಲಭ್ಯವು ಪಾರ್ಸೆಲ್‌ಗೆ ಇಲ್ಲ

ವಿಮಾನ ಪ್ರಯಾಣಿಕರು ತಮ್ಮ ಸಾಮಾನಿನಲ್ಲಿ ಸ್ವಂತ ಬಳಕೆಗಾಗಿ ಸೆಂಟು ಮತ್ತು ಸ್ಪ್ರೇಗಳನ್ನು ಒಯ್ಯಬಹುದು. ಅಂತರರಾಷ್ಟ್ರೀಯ ನಿಯಮಗಳಂತೆ ಪ್ರತಿಯೊಂದು ಶೀಶೆ ಅಥವಾ ಡಬ್ಬಿ ಅರ್ಧ ಲೀಟರ್ ಅಥವಾ ಅರ್ಧ ಕಿಲೋಗ್ರಾಂ ಮೀರದೆ, ಒಬ್ಬ ವ್ಯಕ್ತಿಗೆ ಒಟ್ಟು 2 ಲೀಟರ್ ಅಥವಾ 2 ಕಿಲೋಗ್ರಾಂ ಮೀರದೆ ಇರಬೇಕು. ಕೈಚೀಲದಲ್ಲಿ ಒಯ್ಯುವ ದ್ರವಗಳಿಗೆ ಇದಲ್ಲದೆ ಪ್ರತ್ಯೇಕ ಭದ್ರತಾ ಮಿತಿಗಳೂ ಇವೆ.

"ಪ್ರಯಾಣದಲ್ಲಿ ಒಯ್ಯಬಹುದಾದ ಸೆಂಟನ್ನು ಅಂಚೆಯಲ್ಲಿ ಏಕೆ ಕಳುಹಿಸಬಾರದು?" ಎಂದು ಕೇಳುವವರಿದ್ದಾರೆ. ಪ್ರಯಾಣಿಕರ ಸಾಮಾನಿನಲ್ಲಿ ಇಂತಹ ವಸ್ತುಗಳು ಅಲ್ಪ ಪ್ರಮಾಣದಲ್ಲಿ, ಬೇರೆಬೇರೆ ಪೆಟ್ಟಿಗೆಗಳಲ್ಲಿ ಹಂಚಿಹೋಗಿರುತ್ತವೆ. ಅಂಚೆ ಚೀಲಗಳಲ್ಲಾದರೋ ನೂರಾರು ಪಾರ್ಸೆಲ್‌ಗಳು ಒಂದರ ಮೇಲೊಂದು ಒತ್ತಿಕೊಂಡಿರುತ್ತವೆ. ಬಿಸಿಲಿನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯುತ್ತವೆ. ಯಾವ ಚೀಲದಲ್ಲಿ ಏನಿದೆ ಎಂಬುದು ವಿಮಾನ ಚಾಲಕರಿಗೆ ತಿಳಿದಿರುವುದಿಲ್ಲ. ಆದ್ದರಿಂದ ಪ್ರಯಾಣಿಕರಿಗೆ ನೀಡಿರುವ ವಿನಾಯಿತಿಯನ್ನು ಅಂಚೆಗೆ ವಿಸ್ತರಿಸಿರುವುದಿಲ್ಲ. ವಿಶ್ವ ಅಂಚೆ ಒಕ್ಕೂಟದ ಒಪ್ಪಂದದಂತೆ ಹೊತ್ತಿಕೊಳ್ಳುವ ಹಾಗೂ ಇತರ ಅಪಾಯಕಾರಿ ವಸ್ತುಗಳು ಅಂಚೆಯಲ್ಲಿ ನಿಷಿದ್ಧವಾಗಿವೆ. ಒಳನಾಡಿನ ಅಂಚೆಗೂ ಈ ನಿಷೇಧವಿದೆ. ದೂರದ ಊರುಗಳಿಗೆ ಹೋಗುವ ಸ್ಪೀಡ್ ಪೋಸ್ಟ್ ಸಹ ವಿಮಾನದಲ್ಲಿಯೇ ಸಾಗುತ್ತದೆ ಎಂಬುದನ್ನು ನೆನಪಿನಲ್ಲಿಡತಕ್ಕದ್ದು.

7. ವಸ್ತುವಾರು ವಿವರ

(ಅ) ಸಾಗಣೆಯ ದೃಷ್ಟಿಯಿಂದ ಸಾಮಾನ್ಯವಾಗಿ ಅಡ್ಡಿಯಿಲ್ಲದವು: ಗಟ್ಟಿ ಸಾಬೂನು, ಸೀಗೆಪುಡಿ, ಕಡಲೆಹಿಟ್ಟಿನ ಲೇಪನಗಳು, ಮುಖದ ಪೌಡರ್, ಲಿಪ್‌ಸ್ಟಿಕ್, ಬಿಂದಿ, ಮದ್ಯಸಾರವಿಲ್ಲದ ಕ್ರೀಮ್ ಮತ್ತು ಲೋಷನ್, ಕೊಬ್ಬರಿ ಎಣ್ಣೆ, ಎಳ್ಳೆಣ್ಣೆ, ಹರಳೆಣ್ಣೆ. ದ್ರವಗಳಿಗೆ ಸೋರಿಕೆಯಾಗದ ಪ್ಯಾಕಿಂಗ್ ಕಡ್ಡಾಯ.

(ಆ) ಕಳುಹಿಸಬಾರದವು: ಮದ್ಯಸಾರವಿರುವ ಸೆಂಟು ಮತ್ತು ಕಲೋನ್, ಉಗುರು ಬಣ್ಣ, ಉಗುರು ಬಣ್ಣ ತೆಗೆಯುವ ದ್ರವ, ಎಲ್ಲಾ ಬಗೆಯ ಏರೋಸಾಲ್ ಡಬ್ಬಿಗಳು, ಮದ್ಯಸಾರದ ಆಫ್ಟರ್ ಶೇವ್ ಮತ್ತು ಹ್ಯಾಂಡ್ ಸ್ಯಾನಿಟೈಸರ್, ಶೇಕಡ 8ಕ್ಕೂ ಮೇಲ್ಪಟ್ಟ ಪೆರಾಕ್ಸೈಡ್, ಪರ್‌ಸಲ್ಫೇಟ್ ಬ್ಲೀಚ್ ಪುಡಿ.

(ಇ) ಪರಿಶೀಲಿಸಿ ನಿರ್ಧರಿಸಬೇಕಾದವು: ಅತ್ತರು, ನೀಲಗಿರಿ ಮತ್ತಿತರ ಸುಗಂಧ ತೈಲಗಳು, ಹೇರ್ ಸೀರಂ, ಟೋನರ್, ಕೂದಲಿನ ಬಣ್ಣದ ಕಿಟ್. ಅತ್ತರಿನಲ್ಲಿ ಕೆಲವು ಶ್ರೀಗಂಧದ ಎಣ್ಣೆಯ ಆಧಾರದ ಮೇಲೆ ತಯಾರಾದವು. ಕೆಲವಕ್ಕೆ ಮದ್ಯಸಾರ ಬೆರೆಸಲಾಗಿರುತ್ತದೆ. ಶೀಶೆಯ ಮೇಲಿನ ಹೆಸರಿನಿಂದ ಇದು ತಿಳಿಯುವುದಿಲ್ಲ. ಘಟಕಾಂಶಗಳ ಪಟ್ಟಿಯನ್ನು ಓದಬೇಕು.

ಸಂಶಯವಿದ್ದಲ್ಲಿ ತಯಾರಕರಿಂದ ವಸ್ತು ಸುರಕ್ಷತಾ ಮಾಹಿತಿ ಪತ್ರವನ್ನು ಕೇಳಿ ಪಡೆಯಬಹುದು. ಅಂತರರಾಷ್ಟ್ರೀಯ ನಮೂನೆಯ ಈ ಪತ್ರದಲ್ಲಿ 16 ಭಾಗಗಳಿರುತ್ತವೆ. ಅದರ 9ನೆಯ ಭಾಗದಲ್ಲಿ ಜ್ವಲನ ಬಿಂದುವೂ, 14ನೆಯ ಭಾಗದಲ್ಲಿ ಸಾಗಣೆಯ ವರ್ಗವೂ ನಮೂದಾಗಿರುತ್ತವೆ. ಈ ಎರಡು ಭಾಗಗಳನ್ನು ನೋಡಿದಲ್ಲಿ ಬಹುಪಾಲು ಸಂಶಯಗಳು ಪರಿಹಾರವಾಗುತ್ತವೆ.

8. ಪ್ಯಾಕಿಂಗ್ ಮಾಡುವ ಕ್ರಮ

ವಿಮಾನವು ಮೇಲೇರಿದಾಗ ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಶೀಶೆಯೊಳಗಿನ ಗಾಳಿ ಹಿಗ್ಗಿ ದ್ರವವನ್ನು ಮುಚ್ಚಳದ ಕಡೆಗೆ ತಳ್ಳುತ್ತದೆ. ಮನೆಯಲ್ಲಿ ಸೋರದ ಶೀಶೆಯು ಆಕಾಶದಲ್ಲಿ ಸೋರುವುದು ಇದರಿಂದಲೇ. ಒಂದು ಎಣ್ಣೆ ಶೀಶೆ ಸೋರಿದಲ್ಲಿ ಅದೇ ಚೀಲದಲ್ಲಿರುವ ಬೇರೆಯವರ ಅಂಕಪಟ್ಟಿ, ದಸ್ತಾವೇಜು, ಔಷಧಿಗಳೂ ಹಾಳಾಗುತ್ತವೆ. ಆದ್ದರಿಂದ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು.

(1) ಶೀಶೆಯನ್ನು ಕಂಠದವರೆಗೆ ತುಂಬದೆ ಸ್ವಲ್ಪ ಜಾಗ ಬಿಡುವುದು.
(2) ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಅದರ ಸುತ್ತ ಅಂಟುಪಟ್ಟಿ ಸುತ್ತುವುದು.
(3) ಪ್ರತಿ ಶೀಶೆಯನ್ನು ಪ್ರತ್ಯೇಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಮುಚ್ಚುವುದು.
(4) ಸೋರಿದ ದ್ರವವನ್ನು ಪೂರ್ತಿಯಾಗಿ ಹೀರಬಲ್ಲಷ್ಟು ಹತ್ತಿ ಅಥವಾ ಬಟ್ಟೆಯನ್ನು ಸುತ್ತ ಇಡುವುದು.
(5) ಇದೆಲ್ಲವನ್ನೂ ಗಟ್ಟಿಯಾದ ಹೊರ ಪೆಟ್ಟಿಗೆಯಲ್ಲಿ ಅಲುಗಾಡದಂತೆ ಜೋಡಿಸುವುದು.
(6) ಪುಡಿಗಳನ್ನು ತಯಾರಕರ ಮೂಲ ಪೊಟ್ಟಣದಲ್ಲಿಯೇ ಕಳುಹಿಸುವುದು.

ಹೆಸರಿಲ್ಲದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಬಿಳಿ ಅಥವಾ ಕಂದು ಪುಡಿಯು ಸೀಗೆಪುಡಿಯೋ ಮಾದಕ ವಸ್ತುವೋ ಎಂಬುದನ್ನು ತಪಾಸಣಾ ಸಿಬ್ಬಂದಿ ಕಣ್ಣಿನಿಂದ ನೋಡಿ ಹೇಳಲಾರರು. ಇಂತಹ ಪಾರ್ಸೆಲ್‌ಗಳನ್ನು ತೆರೆದು ಪರೀಕ್ಷೆಗೆ ಒಳಪಡಿಸುವುದರಿಂದ ವಿಳಂಬ ಅನಿವಾರ್ಯವಾಗುತ್ತದೆ.

9. ಘೋಷಣೆಯನ್ನು ಭರ್ತಿ ಮಾಡುವುದು

ಹೊರದೇಶಕ್ಕೆ ಕಳುಹಿಸುವ ಸರಕಿಗೆ ಸುಂಕ ಘೋಷಣಾ ಪತ್ರ ಕಡ್ಡಾಯವಾಗಿದೆ. ಸಣ್ಣ ಪೊಟ್ಟಣಗಳಿಗೆ ಸಿಎನ್ 22, ಪಾರ್ಸೆಲ್‌ಗಳಿಗೆ ಸಿಎನ್ 23 ನಮೂನೆಯನ್ನು ಬಳಸಲಾಗುತ್ತದೆ. 2021ರ ಜನವರಿ 1ರಿಂದ ವಿಶ್ವ ಅಂಚೆ ಒಕ್ಕೂಟವು ಸರಕಿನ ವಿವರಗಳನ್ನು ಗಣಕೀಕೃತ ರೂಪದಲ್ಲಿ ಮುಂಚಿತವಾಗಿ ರವಾನಿಸುವುದನ್ನು ಕಡ್ಡಾಯಗೊಳಿಸಿದೆ. ಪಾರ್ಸೆಲ್ ತಲುಪುವ ಮೊದಲೇ ಅದರ ವಿವರ ಆ ದೇಶದ ಸುಂಕಾಧಿಕಾರಿಗಳ ಕೈ ಸೇರಿರುತ್ತದೆ.

"ಸೌಂದರ್ಯವರ್ಧಕಗಳು", "ಉಡುಗೊರೆ", "ಮನೆ ಸಾಮಾನು" ಎಂಬಂತಹ ಸಾಮಾನ್ಯ ಪದಗಳನ್ನು ಬರೆಯತಕ್ಕದ್ದಲ್ಲ. ವಸ್ತುವಾರು ಹೆಸರು, ಸಂಖ್ಯೆ, ತೂಕ ಮತ್ತು ಬೆಲೆಯನ್ನು ನಮೂದಿಸಬೇಕು. ಉದಾಹರಣೆಗೆ: "ಸ್ನಾನದ ಸಾಬೂನು, ಗಟ್ಟಿ, 6 ಬಿಲ್ಲೆ, 750 ಗ್ರಾಂ", "ಕೊಬ್ಬರಿ ಎಣ್ಣೆ, ತಲೆಗೆ ಹಚ್ಚುವುದು, ಮದ್ಯಸಾರವಿಲ್ಲ, 1 ಶೀಶೆ, 200 ಮಿಲಿ ಲೀಟರ್". ಘೋಷಣೆಯನ್ನು ತಲುಪುವ ದೇಶದ ಅಧಿಕಾರಿಗಳೂ ಓದಬೇಕಾಗಿರುವುದರಿಂದ ಇಂಗ್ಲಿಷಿನಲ್ಲಿ ಭರ್ತಿ ಮಾಡುವುದು ಅಗತ್ಯ. ಇಂಗ್ಲಿಷ್ ಬಾರದವರು ಕೌಂಟರಿನ ಸಿಬ್ಬಂದಿಯ ನೆರವನ್ನು ಕೋರಬಹುದು.

ಸೆಂಟಿನ ಶೀಶೆಯನ್ನು ಬಟ್ಟೆಯ ನಡುವೆ ಸುತ್ತಿ "ಬಟ್ಟೆ" ಎಂದಷ್ಟೇ ಬರೆಯುವುದು ಸಣ್ಣ ಸಂಗತಿ ಎಂದು ಕೆಲವರು ಭಾವಿಸಬಹುದು. ಈ ಭಾವನೆ ಸರಿಯಲ್ಲ. 1996ರ ಮೇ 11ರಂದು ಅಮೆರಿಕದ ಮಯಾಮಿಯಿಂದ ಅಟ್ಲಾಂಟಾಕ್ಕೆ ಹೊರಟಿದ್ದ ವ್ಯಾಲ್ಯುಜೆಟ್ 592 ವಿಮಾನವು ಸರಕು ಕೋಣೆಯಲ್ಲಿ ಬೆಂಕಿ ಹತ್ತಿ ಪತನಗೊಂಡು, ಅದರಲ್ಲಿದ್ದ 110 ಮಂದಿಯೂ ಮೃತಪಟ್ಟರು. ಅದರಲ್ಲಿ ಸಾಗಿಸಲಾಗಿದ್ದುದು ಸೌಂದರ್ಯವರ್ಧಕವಲ್ಲ. ವಿಮಾನಗಳಲ್ಲಿ ಬಳಸುವ ಆಮ್ಲಜನಕ ಉತ್ಪಾದಕಗಳು. ಅವುಗಳನ್ನು ಸರಕು ಚೀಟಿಯಲ್ಲಿ "ಖಾಲಿ" ಎಂದು ನಮೂದಿಸಲಾಗಿತ್ತು. ವಾಸ್ತವದಲ್ಲಿ ಅವು ಖಾಲಿಯಾಗಿರಲಿಲ್ಲ. ಚೀಟಿಯಲ್ಲಿ ಬರೆದುದನ್ನು ನಂಬಿಯೇ ಸರಕನ್ನು ವಿಮಾನಕ್ಕೆ ಏರಿಸಲಾಗುತ್ತದೆ. ಘೋಷಣಾ ಪತ್ರದಲ್ಲಿನ ಸಹಿಯು ಆ ವಿಮಾನದಲ್ಲಿರುವವರೆಲ್ಲರ ಸುರಕ್ಷತೆಗೆ ಸಂಬಂಧಿಸಿದೆ ಎಂಬುದನ್ನು ಸಾರ್ವಜನಿಕರು ಅರಿಯತಕ್ಕದ್ದು.

10. ತಲುಪುವ ದೇಶದ ನಿರ್ಬಂಧಗಳು

ಸಾಗಣೆಗೆ ಯಾವ ಅಡ್ಡಿಯೂ ಇಲ್ಲದ ವಸ್ತುವನ್ನು ಸಹ ಆಯಾ ದೇಶದ ಕಾನೂನು ತಡೆಯಬಹುದು. ಕರ್ನಾಟಕದಿಂದ ಹೆಚ್ಚಾಗಿ ಹೋಗುವ ಕೆಲವು ವಸ್ತುಗಳ ವಿವರ ಹೀಗಿದೆ.

ಕಾಡಿಗೆ ಮತ್ತು ಸುರ್ಮಾ: ಸಾಂಪ್ರದಾಯಿಕ ಕಾಡಿಗೆ ಮತ್ತು ಸುರ್ಮಾಗಳ ಕೆಲವು ಬಗೆಗಳಲ್ಲಿ ಸೀಸದ ಅಂಶ ಕಂಡುಬಂದಿರುವುದರಿಂದ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಇವುಗಳಿಗೆ ಬಣ್ಣದ ದ್ರವ್ಯವಾಗಿ ಅನುಮತಿ ನೀಡಿಲ್ಲ. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಬಾಣಂತಿಗೆ ಕಳುಹಿಸುವ ಪೊಟ್ಟಣದಲ್ಲಿ ಶಿಶುವಿನ ಕಣ್ಣಿಗೆಂದು ಕಾಡಿಗೆ ಇಡುವವರು ಇದನ್ನು ವಿಶೇಷವಾಗಿ ಗಮನಿಸುವುದು.

ಕುಂಕುಮ ಮತ್ತು ಸಿಂಧೂರ: ಅರಿಸಿನದಿಂದ ತಯಾರಿಸಿದ ಕುಂಕುಮವೂ ಸೀಸದ ಆಕ್ಸೈಡ್ ಬೆರೆಸಿದ ಸಿಂಧೂರವೂ ನೋಡಲು ಒಂದೇ ರೀತಿ ಇರಬಹುದು. ಘಟಕಾಂಶಗಳ ವಿವರವಿಲ್ಲದ ಬಿಡಿ ಸಿಂಧೂರವನ್ನು ಕಳುಹಿಸದಿರುವುದು ಸೂಕ್ತ.

ಮೆಹೆಂದಿ: ಅಮೆರಿಕದಲ್ಲಿ ಮೆಹೆಂದಿಯನ್ನು ಕೂದಲಿನ ಬಣ್ಣವಾಗಿ ಬಳಸಲು ಮಾತ್ರ ಅನುಮತಿ ಇದೆ, ಚರ್ಮಕ್ಕೆ ಹಚ್ಚುವ ಉದ್ದೇಶದ ಮೆಹೆಂದಿಗೆ ಅನುಮತಿ ಇಲ್ಲ. ಮದುವೆಗೆಂದು ಕಳುಹಿಸಿದ ಮೆಹೆಂದಿ ಕೋನ್‌ಗಳು ತಡೆಹಿಡಿಯಲ್ಪಡುವ ಸಾಧ್ಯತೆ ಇದೆ.

ರಕ್ತಚಂದನ ಮತ್ತು ಶ್ರೀಗಂಧ: ಮುಖಲೇಪನಕ್ಕೆ ಬಳಸುವ ರಕ್ತಚಂದನವು ಸೈಟಿಸ್ ಎಂದು ಕರೆಯಲಾಗುವ ಅಳಿವಿನಂಚಿನ ಜೀವಸಂಕುಲಗಳ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಎರಡನೆಯ ಅನುಬಂಧದಲ್ಲಿದೆ. ಮರದ ದಿಮ್ಮಿಯಷ್ಟೇ ಅಲ್ಲದೆ ಚಕ್ಕೆ, ಪುಡಿ ಮತ್ತು ಸಾರಗಳೂ ಅದರ ವ್ಯಾಪ್ತಿಗೆ ಬರುತ್ತವೆ. ಪರವಾನಗಿ ಇಲ್ಲದೆ ರಕ್ತಚಂದನದ ಪುಡಿಯನ್ನು ಹೊರದೇಶಕ್ಕೆ ಕಳುಹಿಸತಕ್ಕದ್ದಲ್ಲ. ಶ್ರೀಗಂಧದ ಮರ ಮತ್ತು ಪುಡಿಯ ರಫ್ತಿಗೂ ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಗಳಿವೆ. ಈ ನಿರ್ಬಂಧಗಳನ್ನು ಗಂಧದ ಸಾಬೂನಿನೊಂದಿಗೆ ಗೊಂದಲ ಮಾಡಿಕೊಳ್ಳಬಾರದು.

11. ಮಾರಾಟಕ್ಕಾಗಿ ಕಳುಹಿಸುವವರಿಗೆ

ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು ರಾಜ್ಯ ಲೈಸೆನ್ಸಿಂಗ್ ಪ್ರಾಧಿಕಾರದಿಂದ ಲೈಸೆನ್ಸ್ ಪಡೆಯುವುದು ಕಡ್ಡಾಯ. 2020ರ ನಿಯಮಾವಳಿಯಂತೆ ಸಿಒಎಸ್-5 ನಮೂನೆಯಲ್ಲಿ ಅರ್ಜಿ ಸಲ್ಲಿಸಿ, ಸಿಒಎಸ್-8 ನಮೂನೆಯಲ್ಲಿ ಲೈಸೆನ್ಸ್ ಪಡೆಯಬೇಕು. ಮನೆಯಲ್ಲಿ ತಯಾರಿಸಿದ್ದು, ಗಿಡಮೂಲಿಕೆಯದ್ದು ಅಥವಾ ಪ್ರಮಾಣ ಕಡಿಮೆ ಎಂಬ ಕಾರಣದಿಂದ ವಿನಾಯಿತಿ ದೊರೆಯುವುದಿಲ್ಲ. ಲೇಬಲಿನ ಮೇಲೆ ವಸ್ತುವಿನ ಹೆಸರು, ತಯಾರಕರ ಹೆಸರು ಮತ್ತು ವಿಳಾಸ, ಬ್ಯಾಚ್ ಸಂಖ್ಯೆ, ಲೈಸೆನ್ಸ್ ಸಂಖ್ಯೆ, ಬಳಕೆಯ ಅವಧಿ ಮತ್ತು ಘಟಕಾಂಶಗಳು ಇರಬೇಕು.

ರಫ್ತು ಮಾಡುವವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಿಂದ ಐಇಸಿ ಸಂಕೇತವನ್ನು ಪಡೆಯಬೇಕು. ಇದನ್ನು ಪ್ಯಾನ್ ಆಧಾರದ ಮೇಲೆ ಗಣಕಜಾಲದ ಮೂಲಕ ನೀಡಲಾಗುತ್ತದೆ. ಅಂಚೆಯ ಮೂಲಕ ರಫ್ತು ಮಾಡಲು 2022ರ ವಿನಿಯಮಗಳಂತೆ ಅಂಚೆ ರಫ್ತು ಬಿಲ್ಲನ್ನು ಗಣಕೀಕೃತವಾಗಿ ಸಲ್ಲಿಸಬಹುದು. ಇದಕ್ಕೆ ನೆರವಾಗಲು ಅಂಚೆ ಇಲಾಖೆಯು ಡಾಕ್ ಘರ್ ನಿರ್ಯಾತ್ ಕೇಂದ್ರಗಳನ್ನು ತೆರೆದಿದೆ.

ಸರಕಿಗೆ ಸರಿಯಾದ ಸುಂಕ ಶೀರ್ಷಿಕೆ ಸಂಖ್ಯೆಯನ್ನು ನಮೂದಿಸುವುದು ಮುಖ್ಯ. ಸುಗಂಧದ್ರವ್ಯಕ್ಕೆ 3303, ಮುಖ ಮತ್ತು ಚರ್ಮದ ಪ್ರಸಾಧನಗಳಿಗೆ 3304, ಕೂದಲಿನ ಪ್ರಸಾಧನಗಳಿಗೆ 3305, ಸಾಬೂನಿಗೆ 3401 ಎಂಬ ಶೀರ್ಷಿಕೆಗಳಿವೆ. ಖಾದ್ಯವೆಂದು ಮಾರುವ ಕೊಬ್ಬರಿ ಎಣ್ಣೆಯು 1513ರಲ್ಲಿ ಬರುತ್ತದೆ. ಘೋಷಣೆಯಲ್ಲಿ ಒಂದು, ಲೇಬಲಿನಲ್ಲಿ ಇನ್ನೊಂದು ಇದ್ದಲ್ಲಿ ಸರಕು ನಿಲ್ಲುತ್ತದೆ.

ಯುರೋಪಿಯನ್ ಒಕ್ಕೂಟದಲ್ಲಿ ಮಾರಾಟ ಮಾಡಲು ಅಲ್ಲಿಯೇ ನೆಲೆಸಿರುವ ಒಬ್ಬ ಜವಾಬ್ದಾರ ವ್ಯಕ್ತಿ ಅಥವಾ ಸಂಸ್ಥೆಯನ್ನು ನೇಮಿಸಿ ಉತ್ಪನ್ನವನ್ನು ಮುಂಚಿತವಾಗಿ ನೋಂದಾಯಿಸಬೇಕು. ಬ್ರಿಟನ್ನಿಗೆ ಪ್ರತ್ಯೇಕ ನೋಂದಣಿ ಅಗತ್ಯ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಅಂಗೀಕಾರವಾದ ಕಾನೂನಿನಂತೆ ತಯಾರಿಕಾ ಘಟಕದ ನೋಂದಣಿ ಮತ್ತು ಉತ್ಪನ್ನಗಳ ಪಟ್ಟಿ ಸಲ್ಲಿಕೆಯ ವ್ಯವಸ್ಥೆ ಜಾರಿಗೆ ಬಂದಿದೆ. ಸಣ್ಣ ಉದ್ದಿಮೆಗಳಿಗೆ ಕೆಲವು ವಿನಾಯಿತಿಗಳಿದ್ದರೂ ಕಣ್ಣಿನ ಸುತ್ತ ಬಳಸುವ ಉತ್ಪನ್ನಗಳಿಗೆ ಅವು ಅನ್ವಯಿಸುವುದಿಲ್ಲ. ಇದಲ್ಲದೆ, 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗೆ ಇದ್ದ ಸುಂಕ ವಿನಾಯಿತಿಯನ್ನು ಅಮೆರಿಕವು 2025ರ ಆಗಸ್ಟ್ 29ರಿಂದ ನಿಲ್ಲಿಸಿತು. ಆದ್ದರಿಂದ ಗ್ರಾಹಕರಿಗೆ ಬೆಲೆ ತಿಳಿಸುವ ಮುನ್ನ ಅಂದಿನ ಸುಂಕದ ದರವನ್ನು ವಿಚಾರಿಸುವುದು ಒಳಿತು.

ಸೆಂಟು, ಉಗುರು ಬಣ್ಣ ಮೊದಲಾದ ಅಪಾಯಕಾರಿ ವರ್ಗದ ಸರಕನ್ನು ಮಾರುವವರಿಗೆ ದಾರಿಯೇ ಇಲ್ಲವೆಂದಲ್ಲ. ಅಪಾಯಕಾರಿ ಸರಕು ಸಾಗಣೆಯಲ್ಲಿ ತರಬೇತಿ ಪಡೆದ ಸಿಬ್ಬಂದಿ ಇರುವ ಸರಕು ಸಾಗಣೆ ಸಂಸ್ಥೆಗಳು ನಿಗದಿತ ಪ್ಯಾಕಿಂಗ್, ಗುರುತು ಚೀಟಿ ಮತ್ತು ಪ್ರತ್ಯೇಕ ಘೋಷಣೆಯೊಂದಿಗೆ ಇವುಗಳನ್ನು ಸ್ವೀಕರಿಸುತ್ತವೆ. ವೆಚ್ಚ ಹೆಚ್ಚಾಗುತ್ತದೆಯಾದರೂ ಕಾನೂನುಬದ್ಧವಾದ ಮಾರ್ಗ ಅದೇ ಆಗಿದೆ.

12. ಹೊರದೇಶದಿಂದ ತರಿಸಿಕೊಳ್ಳುವವರಿಗೆ

ಮಾರಾಟಕ್ಕಾಗಿ ಸೌಂದರ್ಯವರ್ಧಕಗಳನ್ನು ಆಮದು ಮಾಡಿಕೊಳ್ಳುವವರು ಸಿಒಎಸ್-1 ನಮೂನೆಯಲ್ಲಿ ಅರ್ಜಿ ಸಲ್ಲಿಸಿ ಕೇಂದ್ರ ಲೈಸೆನ್ಸಿಂಗ್ ಪ್ರಾಧಿಕಾರದಿಂದ ಸಿಒಎಸ್-2 ನೋಂದಣಿ ಪತ್ರ ಪಡೆಯಬೇಕು. ಪ್ರಾಣಿಗಳ ಮೇಲೆ ಪರೀಕ್ಷಿಸಿದ ಸೌಂದರ್ಯವರ್ಧಕಗಳ ಆಮದನ್ನು 2014ರಲ್ಲಿ ನಿಷೇಧಿಸಲಾಗಿದೆ.

ಪಾದರಸವಿರುವ ಬಿಳುಪಿನ ಕ್ರೀಮುಗಳ ಬಗ್ಗೆ ಎಚ್ಚರ ವಹಿಸತಕ್ಕದ್ದು. ಭಾರತದ ನಿಯಮದಂತೆ, ಉದ್ದೇಶಪೂರ್ವಕವಾಗಿ ಸೇರಿಸದೆ ಉಳಿದುಬಂದ ಪಾದರಸದ ಪ್ರಮಾಣವು ಕಣ್ಣಿನ ಭಾಗದ ಉತ್ಪನ್ನಗಳಲ್ಲಿ ದಶಲಕ್ಷಕ್ಕೆ 70 ಭಾಗ, ಇತರೆ ಉತ್ಪನ್ನಗಳಲ್ಲಿ ದಶಲಕ್ಷಕ್ಕೆ 1 ಭಾಗ ಮೀರಬಾರದೆಂದು ಮಿತಿ ಹಾಕಲಾಗಿದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂತಹ ಕ್ರೀಮುಗಳನ್ನು ಬಳಸಿದವರಲ್ಲಿ ಮೂತ್ರಪಿಂಡದ ಕಾಯಿಲೆ ಕಾಣಿಸಿಕೊಂಡಿದ್ದು 2023ರಲ್ಲಿ ವೈದ್ಯರ ಗಮನಕ್ಕೆ ಬಂದಿತ್ತು. ತಯಾರಕರ ವಿಳಾಸ ಮತ್ತು ಘಟಕಾಂಶಗಳ ವಿವರ ಇಲ್ಲದ ಕ್ರೀಮನ್ನು ತರಿಸಿಕೊಳ್ಳದಿರುವುದು ಕ್ಷೇಮ.

ಹೊರದೇಶದಲ್ಲಿರುವವರು "ಉಡುಗೊರೆ" ಎಂದು ಬರೆದು ಕಳುಹಿಸಿದಲ್ಲಿ ಸುಂಕವಿಲ್ಲ ಎಂಬ ನಂಬಿಕೆ ಇನ್ನೂ ಉಳಿದಿದೆ. 2019ರ ಡಿಸೆಂಬರ್ 12ರ ಅಧಿಸೂಚನೆಯಂತೆ ಜೀವರಕ್ಷಕ ಔಷಧಿ ಮತ್ತು ರಾಖಿಗಳ ಹೊರತು, ಅಂಚೆ ಅಥವಾ ಕೊರಿಯರ್ ಮೂಲಕ ಉಡುಗೊರೆಯ ಹೆಸರಿನಲ್ಲಿ ಸುಂಕ ವಿನಾಯಿತಿ ಪಡೆದು ಸರಕು ತರಿಸುವುದನ್ನು ನಿಷೇಧಿಸಲಾಗಿದೆ. ಅನ್ವಯವಾಗುವ ಪೂರ್ಣ ಸುಂಕವನ್ನು ಪಾವತಿಸಿ ಪಡೆಯಬಹುದು.

13. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಶೀಶೆ ತುಂಬಾ ಚಿಕ್ಕದಿದ್ದಲ್ಲಿ ಸೆಂಟು ಕಳುಹಿಸಬಹುದೇ?
ಉತ್ತರ: ಇಲ್ಲ. ಅಂಚೆಯಲ್ಲಿ ಪ್ರಮಾಣವನ್ನು ಆಧರಿಸಿದ ವಿನಾಯಿತಿ ಇಲ್ಲ. ಮಾದರಿ ಶೀಶೆಗಳಿಗೂ ನಿಷೇಧ ಅನ್ವಯಿಸುತ್ತದೆ.

ಪ್ರಶ್ನೆ: ಏರೋಸಾಲ್ ಡಬ್ಬಿ ಬಹುತೇಕ ಖಾಲಿಯಾಗಿದ್ದಲ್ಲಿ?
ಉತ್ತರ: ದ್ರವ ಮುಗಿದಿದ್ದರೂ ಒಳಗೆ ಹೊತ್ತಿಕೊಳ್ಳುವ ಅನಿಲ ಉಳಿದಿರುತ್ತದೆ. ಆದ್ದರಿಂದ ಅವಕಾಶವಿಲ್ಲ.

ಪ್ರಶ್ನೆ: ಒಂದೇ ಪಾರ್ಸೆಲ್‌ನಲ್ಲಿ ಹತ್ತು ವಸ್ತುಗಳಿದ್ದು ಒಂದು ಮಾತ್ರ ನಿಷಿದ್ಧವಾಗಿದ್ದರೆ ಏನಾಗುತ್ತದೆ?
ಉತ್ತರ: ಆ ಒಂದರ ಕಾರಣದಿಂದ ಇಡೀ ಪಾರ್ಸೆಲ್ ತಡೆಹಿಡಿಯಲ್ಪಡಬಹುದು. ಸಂಶಯಾಸ್ಪದ ವಸ್ತುವನ್ನು ಮೊದಲೇ ತೆಗೆದಿಡುವುದು ಲೇಸು.

ಪ್ರಶ್ನೆ: ತಡೆಹಿಡಿದ ಸೆಂಟಿನ ಶೀಶೆಯನ್ನು ಹಿಂದಿರುಗಿಸುತ್ತಾರೆಯೇ?
ಉತ್ತರ: ವಿಶ್ವ ಅಂಚೆ ಒಕ್ಕೂಟದ ಒಪ್ಪಂದದಂತೆ ಹೊತ್ತಿಕೊಳ್ಳುವ ಮತ್ತು ಅಪಾಯಕಾರಿ ವಸ್ತುಗಳನ್ನು ಮುಂದಕ್ಕೆ ಕಳುಹಿಸುವಂತೆಯೂ ಇಲ್ಲ, ಬಟವಾಡೆ ಮಾಡುವಂತೆಯೂ ಇಲ್ಲ, ಮೂಲ ಸ್ಥಳಕ್ಕೆ ಹಿಂದಿರುಗಿಸುವಂತೆಯೂ ಇಲ್ಲ. ಆದ್ದರಿಂದ ವಸ್ತುವಿನ ಬೆಲೆ ನಷ್ಟವಾಗುತ್ತದೆ.

ಪ್ರಶ್ನೆ: ಇತರ ಕಾರಣಗಳಿಂದ ಬಟವಾಡೆಯಾಗದ ಪಾರ್ಸೆಲ್ ಏನಾಗುತ್ತದೆ?
ಉತ್ತರ: ಬುಕಿಂಗ್ ಸಮಯದಲ್ಲಿ ಕಳುಹಿಸುವವರು ಬಟವಾಡೆಯಾಗದಿದ್ದಲ್ಲಿ ಹಿಂದಿರುಗಿಸಬೇಕೇ ಅಥವಾ ತ್ಯಜಿಸಲಾಗಿದೆ ಎಂದು ಪರಿಗಣಿಸಬೇಕೇ ಎಂಬುದನ್ನು ನಮೂನೆಯಲ್ಲಿ ಸೂಚಿಸಬೇಕು. ಈ ಅಂಕಣವನ್ನು ಖಾಲಿ ಬಿಡತಕ್ಕದ್ದಲ್ಲ.

14. ಕೌಂಟರಿಗೆ ಹೋಗುವ ಮುನ್ನ

ಸಾರ್ವಜನಿಕರು ಪೆಟ್ಟಿಗೆಯನ್ನು ಸಂಪೂರ್ಣವಾಗಿ ಅಂಟಿಸದೆ ತೆರೆದ ಸ್ಥಿತಿಯಲ್ಲಿ ತರುವುದು, ವಸ್ತುಗಳ ಪಟ್ಟಿ ಮತ್ತು ಖರೀದಿ ರಸೀದಿಗಳನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು, ಗುರುತಿನ ಚೀಟಿಯ ಪ್ರತಿಯನ್ನು ತರುವುದು ಹಾಗೂ ಪಡೆಯುವವರ ದೂರವಾಣಿ ಸಂಖ್ಯೆಯನ್ನು ಸ್ಪಷ್ಟವಾಗಿ ಬರೆಯುವುದು ಅನುಕೂಲಕರ. ಪ್ರತಿಯೊಂದು ಶೀಶೆಯ ಲೇಬಲಿನಲ್ಲಿ "ಮದ್ಯಸಾರ", "ಅಸಿಟೋನ್", "ಪೆರಾಕ್ಸೈಡ್" ಎಂಬ ಪದಗಳಿಗಾಗಿಯೂ, ಬೆಂಕಿಯ ಜ್ವಾಲೆಯ ಚಿಹ್ನೆಗಾಗಿಯೂ ಒಮ್ಮೆ ಕಣ್ಣಾಡಿಸುವುದು. ಇವುಗಳಲ್ಲಿ ಯಾವುದಾದರೂ ಕಂಡುಬಂದಲ್ಲಿ ಆ ಶೀಶೆಯನ್ನು ಮರೆಮಾಚದೆ ಸಿಬ್ಬಂದಿಗೆ ತೋರಿಸಿ ವಿಚಾರಿಸತಕ್ಕದ್ದು. ಸುಂಕದ ದರಗಳು ಮತ್ತು ಆಯಾ ದೇಶಗಳ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಪ್ರತಿ ಸಲವೂ ಬುಕಿಂಗ್‌ಗೆ ಮುನ್ನ ಕೌಂಟರಿನಲ್ಲಿ ಇತ್ತೀಚಿನ ಸ್ಥಿತಿಯನ್ನು ಖಚಿತಪಡಿಸಿಕೊಳ್ಳಲು ಕೋರಲಾಗಿದೆ.